ಇಳಿಯುವ ನೀರು, ಇಳಿಯದ ನೀರು

ಶಿವಮೊಗ್ಗದಲ್ಲಿ ಮಳೆಗಾಲದ ಬೆಳಗ್ಗೆ ಇಬ್ಬರು ಪರಿಚಿತರು ಎದುರಾದರೆ ಕೇಳುವ ಮೊದಲ ಪ್ರಶ್ನೆ ಊಟ ತಿಂಡಿಯದಲ್ಲ. 'ಮಂಟಪ ಮುಳುಗಿತಾ?' ಎಂಬುದು. ತುಂಗಾ ಸೇತುವೆಯ ಬಳಿ, ಕೋರ್ಪಲಯ್ಯನ ಛತ್ರದ ಮಗ್ಗುಲಲ್ಲಿ, ನದಿಯ ಪಾತ್ರದಲ್ಲೇ ನಿಂತಿರುವ ಕಲ್ಲಿನ ಮಂಟಪ ಈ ಊರಿನ ಅಳತೆಗೋಲು. ಮಂಟಪದ ಮೆಟ್ಟಿಲಿಗೆ ನೀರು ಬಂದರೆ ಹೊಳೆ ಬಂದಿದೆ ಎಂದು ಅರ್ಥ. ಕಂಬದ ಅರ್ಧಕ್ಕೆ ಬಂದರೆ ಕೊಡೆ ಹಿಡಿದು ನೋಡಲು ಜನ ಸೇರುತ್ತಾರೆ. ಛಾವಣಿ ಮುಳುಗಿದರೆ ದಂಡೆಯ ಬಡಾವಣೆಗಳವರು ಅಕ್ಕಿ ಡಬ್ಬವನ್ನು ಅಟ್ಟಕ್ಕೆ ಏರಿಸುತ್ತಾರೆ.

ತುಂಗೆಯ ದಾರಿಯುದ್ದಕ್ಕೂ ಇಂಥ ಅಳತೆಗೋಲುಗಳಿವೆ. ಶೃಂಗೇರಿಯಲ್ಲಿ ಕಪ್ಪೆ ಶಂಕರ, ತೀರ್ಥಹಳ್ಳಿಯಲ್ಲಿ ರಾಮಮಂಟಪ, ಕೊನೆಗೆ ಶಿವಮೊಗ್ಗದ ಈ ಮಂಟಪ. ಮೇಲಿನ ಎರಡು ಮುಳುಗಿದ ಸುದ್ದಿ ಬಂದರೆ ಮೂರನೆಯದು ಮುಳುಗಲು ಎಷ್ಟು ಹೊತ್ತು ಬೇಕು ಎಂಬ ಲೆಕ್ಕ ಇಲ್ಲಿನ ಹಿರಿಯರಿಗೆ ಬಾಯಿಪಾಠ. ಸರ್ಕಾರಿ ಮಾಪಕಗಳೂ ಮೊಬೈಲ್ ಫೋನಿನ ಎಚ್ಚರಿಕೆಗಳೂ ಬರುವ ಮೊದಲಿನಿಂದ ಊರನ್ನು ಎಬ್ಬಿಸುತ್ತಿದ್ದುದು ಈ ಕಲ್ಲುಗಳೇ.

ಸೇತುವೆಯಿಂದ ಕೋಟೆ ರಸ್ತೆಗೆ ತಿರುಗಿದರೆ ಸೀತಾರಾಮಾಂಜನೇಯ ದೇವಾಲಯ, ಮುಂದೆ ಶಿವಪ್ಪ ನಾಯಕನ ಅರಮನೆ. ಪ್ರವಾಸಿಗರು ಸಾಮಾನ್ಯವಾಗಿ ಇಷ್ಟು ನೋಡಿ, ಚಿತ್ರ ತೆಗೆದುಕೊಂಡು, ಜೋಗಕ್ಕೋ ಸಕ್ರೆಬೈಲಿನ ಆನೆ ಬಿಡಾರಕ್ಕೋ ಹೊರಟುಬಿಡುತ್ತಾರೆ. ಅರಮನೆಯ ಆಚೀಚೆ, ನದಿಯ ಎರಡೂ ದಂಡೆಗಳಲ್ಲಿ ತಗ್ಗಿನಲ್ಲಿರುವ ಕುಂಬಾರಗುಂಡಿ, ಇಮಾಂಬಾಡ, ಬಾಪೂಜಿನಗರ, ವಿದ್ಯಾನಗರ, ಶಾಂತಮ್ಮ ಲೇಔಟ್, ರಾಜೀವ್ ಗಾಂಧಿ ಬಡಾವಣೆಗಳು ಯಾವ ಪ್ರವಾಸಿ ಕೈಪಿಡಿಯಲ್ಲೂ ಇಲ್ಲ. ಮಳೆಗಾಲದ ದಿನಪತ್ರಿಕೆಯಲ್ಲಿ ಮಾತ್ರ ಅವುಗಳ ಹೆಸರು ಮೊದಲ ಪುಟಕ್ಕೆ ಬರುತ್ತದೆ. ಕುಂಬಾರಗುಂಡಿಯ ಹೆಸರಿನಲ್ಲೇ ಗುಂಡಿಯಿದೆ. ಹೆಸರಿಟ್ಟವರಿಗೆ ನೆಲದ ಮಟ್ಟ ತಿಳಿದಿತ್ತು. ಮನೆ ಕಟ್ಟಿಕೊಂಡವರಿಗೂ ತಿಳಿದಿತ್ತು. ಆದರೆ ಕೂಲಿಯವನಿಗೆ ಎತ್ತರದ ನಿವೇಶನ ಕೊಡುವವರು ಯಾರು?

ಒಂಬತ್ತು ಗಂಟೆಯ ಲೆಕ್ಕ

ಊರಿಗೆ ಮೇಲುಗಡೆ ಗಾಜನೂರಿನಲ್ಲಿ ತುಂಗಾ ಅಣೆಕಟ್ಟು ಇದೆಯಲ್ಲ, ಅದು ಪ್ರವಾಹವನ್ನು ತಡೆಯುವುದಿಲ್ಲವೇ ಎಂದು ಹೊರಗಿನಿಂದ ಬಂದವರು ಕೇಳುತ್ತಾರೆ. ಉತ್ತರಕ್ಕೆ ಪ್ರೌಢಶಾಲೆಯ ಲೆಕ್ಕ ಸಾಕು. ಗಾಜನೂರಿನ ಸಾಮರ್ಥ್ಯ 3.24 ಟಿಎಂಸಿ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು. ಸೆಕೆಂಡಿಗೆ ಒಂದು ಘನ ಅಡಿ ಹರಿದರೆ ಅದು ಒಂದು ಕ್ಯುಸೆಕ್. ನದಿಯಲ್ಲಿ ಒಂದು ಲಕ್ಷ ಕ್ಯುಸೆಕ್ ನೀರು ಬರುತ್ತಿದೆ ಎಂದಿಟ್ಟುಕೊಳ್ಳಿ. ಪೂರ್ತಿ ಖಾಲಿ ಇದ್ದ ಗಾಜನೂರು ಜಲಾಶಯವೂ ತುಂಬಿ ತುಳುಕಲು 32,400 ಸೆಕೆಂಡು, ಅಂದರೆ ಸರಿಯಾಗಿ ಒಂಬತ್ತು ಗಂಟೆ ಸಾಕು. ಜುಲೈ ಬರುವಷ್ಟರಲ್ಲಿ ಅದು ಸಾಮಾನ್ಯವಾಗಿ ತುಂಬಿಯೇ ಇರುತ್ತದೆ. ಹಾಗಾಗಿ ಆಗುಂಬೆ, ಶೃಂಗೇರಿ, ತೀರ್ಥಹಳ್ಳಿ ಕಡೆ ಸುರಿದ ಮಳೆ ಬಾಗಿಲು ತಟ್ಟದೆ ನೇರವಾಗಿ ಊರೊಳಗೆ ಬರುತ್ತದೆ.

ಬರುವ ದಾರಿಯೂ ಒಂದೇ ಅಲ್ಲ. ಹೊಳೆ ಏರಿದಾಗ ಊರಿನ ಚರಂಡಿ ಮತ್ತು ರಾಜಕಾಲುವೆಗಳ ನೀರು ಹೊಳೆಗೆ ಇಳಿಯಲಾರದೆ ಹಿಂದಕ್ಕೆ ಒತ್ತುತ್ತದೆ. ದಂಡೆ ದಾಟಿ ಬರುವ ನೀರನ್ನು ಕಾಯುತ್ತ ಮುಂಬಾಗಿಲಲ್ಲಿ ಕುಳಿತವರ ಮನೆಗೆ ಅದು ಹಿತ್ತಲ ಬಚ್ಚಲಿನಿಂದ ಬರುತ್ತದೆ.

2019ರ ಆಗಸ್ಟ್ ಎರಡನೆಯ ವಾರದಲ್ಲಿ ಆದದ್ದು ಇದೇ. ಮಲೆನಾಡಿನಲ್ಲಿ ಎಡೆಬಿಡದೆ ಮಳೆ ಹೊಯ್ದು ತುಂಗೆ ತಗ್ಗಿನ ಬಡಾವಣೆಗಳಿಗೆ ನುಗ್ಗಿತು. ಮನೆಗಳು ಕುಸಿದವು. ದೋಣಿ, ಹಗ್ಗ, ಟ್ರ್ಯಾಕ್ಟರುಗಳಲ್ಲಿ ಜನರನ್ನು ಹೊರಗೆ ತರಬೇಕಾಯಿತು. ಶಾಲೆ, ಸಮುದಾಯ ಭವನ, ಕಲ್ಯಾಣ ಮಂಟಪಗಳು ರಾತ್ರೋರಾತ್ರಿ ಗಂಜಿ ಕೇಂದ್ರಗಳಾದವು. ಈಚಿನ ವರ್ಷಗಳಲ್ಲಿ ಸರ್ಕಾರ ಅವಕ್ಕೆ 'ಕಾಳಜಿ ಕೇಂದ್ರ' ಎಂಬ ಹೆಸರು ಕೊಟ್ಟಿದೆ. ಜನರ ಬಾಯಲ್ಲಿ ಇನ್ನೂ ಗಂಜಿ ಕೇಂದ್ರವೇ.

ಇಂಥ ಹೊತ್ತಿನಲ್ಲಿ ಶಿವಮೊಗ್ಗದ ಕೈ ಎಂದೂ ಗಿಡ್ಡವಾದುದಿಲ್ಲ. ಹೋಟೆಲಿನವರು ಚಿತ್ರಾನ್ನದ ಪಾತ್ರೆಗಳನ್ನು ಆಟೋದಲ್ಲಿ ಕಳಿಸುತ್ತಾರೆ. ಮಠಗಳ ಅಡುಗೆಮನೆ, ಮಸೀದಿ ಸಮಿತಿಗಳ ಹುಡುಗರು, ಚರ್ಚಿನ ಸೋದರಿಯರು, ಕಾಲೇಜಿನ ಎನ್‌ಎಸ್‌ಎಸ್ ವಿದ್ಯಾರ್ಥಿಗಳು ಯಾರು ಯಾರ ಬೀದಿಗೆ ಹೋಗಬೇಕೆಂದು ಕೇಳದೆ ಹೊರಡುತ್ತಾರೆ. ಪೇಟೆಯ ವೃತ್ತಗಳಲ್ಲಿ ಮೇಜು ಹಾಕಿ, ಬ್ಯಾನರ್ ಕಟ್ಟಿ, ಅಕ್ಕಿ, ಬೇಳೆ, ಹೊದಿಕೆ, ಬಿಸ್ಕತ್ತು ಸಂಗ್ರಹಿಸುತ್ತಾರೆ. ಹಿಂದಿನ ವರ್ಷ, ಅಂದರೆ 2018ರ ಆಗಸ್ಟಿನಲ್ಲಿ, ಕೊಡಗಿನಲ್ಲಿ ಗುಡ್ಡಗಳು ಕುಸಿದಾಗ ರಾಜ್ಯದ ಊರೂರುಗಳಲ್ಲಿ ಇಂಥ ಮೇಜುಗಳಿದ್ದವು. ಮರುವರ್ಷ ಮಳೆ ತಮ್ಮ ಬೀದಿಗೇ ಬಂದೀತೆಂದು ಇಲ್ಲಿ ಕೊಟ್ಟವರಾರೂ ಎಣಿಸಿರಲಿಲ್ಲ.

ಕೊಡುವುದೂ ಒಂದು ವಿದ್ಯೆ

ಆದರೆ ಗಂಜಿ ಕೇಂದ್ರದ ಒಂದು ಮೂಲೆಯನ್ನು ಗಮನಿಸಿದವರಿಗೆ ದಾನದ ಇನ್ನೊಂದು ಮುಖ ಕಾಣುತ್ತದೆ. ಅಲ್ಲಿ ಹಳೆಯ ಬಟ್ಟೆಯ ಗುಡ್ಡೆ ಇರುತ್ತದೆ. ಮದುವೆಯ ಕೋಟು, ಗುಂಡಿಯಿಲ್ಲದ ಅಂಗಿ, ಜರಿ ಹರಿದ ಸೀರೆ, ಜೊತೆ ತಪ್ಪಿದ ಚಪ್ಪಲಿ. ಕೊಟ್ಟವರ ಬೀರು ಹಗುರಾಯಿತು, ಪಡೆದವರ ಕಷ್ಟ ಹಗುರಾಗಲಿಲ್ಲ. ಮೊದಲ ರಾತ್ರಿ ಅಲ್ಲಿ ನಿಜವಾಗಿ ಬೇಕಾದವು ಬೇರೆ: ಒಣಗಿದ ಹೊಸ ಒಳಉಡುಪು, ಹೆಂಗಸರಿಗೆ ತಿಂಗಳಿನ ಬಟ್ಟೆ, ಬಾಗಿಲಿಗೆ ಚಿಲಕವಿರುವ ಶೌಚಾಲಯ, ಹಸುಗೂಸಿಗೆ ಹಾಲು, ಸಕ್ಕರೆ ಕಾಯಿಲೆಯವರಿಗೆ ಇನ್ಸುಲಿನ್, ರಕ್ತದೊತ್ತಡದವರಿಗೆ ತಪ್ಪಿಹೋದ ಮಾತ್ರೆ, ಮತ್ತು ಕುದಿಸಿ ಆರಿಸಿದ ನೀರು.

ಮೂರನೆಯ ದಿನದ ಅಗತ್ಯ ಬೇರೆ, ಹತ್ತನೆಯ ದಿನದ್ದು ಬೇರೆ. ನೀರು ಇಳಿದ ಕೂಡಲೇ ಮನೆಗೆ ಓಡುವ ಆತುರ ಎಲ್ಲರಿಗೂ. ಅಪಾಯ ಇರುವುದೂ ಆಗಲೇ. ಮಣ್ಣಿನ ಗೋಡೆ ನೀರಿನಲ್ಲಿ ನಿಂತಷ್ಟು ಹೊತ್ತು ಹೇಗೋ ನಿಂತಿರುತ್ತದೆ. ಬುಡ ನೆನೆದು ಮೆತ್ತಗಾಗಿರುತ್ತದೆ, ಅದರ ಮೇಲೆ ಹೆಂಚಿನ ಮಾಡಿನ ಭಾರ. ಸುತ್ತಲಿನ ನೀರು ಇಳಿದು ಆ ಒತ್ತಡ ತಪ್ಪಿದ ಮೇಲೆ, ಬಿಸಿಲು ಬಿದ್ದು ಮಣ್ಣು ಬಿರಿಯುವಾಗ, ಗೋಡೆ ಮಲಗುತ್ತದೆ. ಗಂಜಿ ಕೇಂದ್ರವನ್ನು ಮಳೆ ನಿಂತ ಮರುದಿನ ಮುಚ್ಚಬಾರದು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಡ.

ಬಾವಿಯ ನೀರೂ ಹಾಗೆಯೇ. ಸಾಧಾರಣವಾಗಿ ಸಾವಿರ ಲೀಟರ್ ತಿಳಿನೀರಿಗೆ ಎರಡೂವರೆ ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಹಾಕಿ ಒಂದು ಗಂಟೆ ಬಿಟ್ಟರೆ ಸಾಕಾಗುತ್ತದೆ. ಪ್ರವಾಹದ ಕೆಸರು ಕುಡಿದ ಬಾವಿಗೆ ಅದು ಸಾಲದು. ಕೆಸರು ಕ್ಲೋರಿನ್ನನ್ನು ನುಂಗಿಹಾಕುತ್ತದೆ. ಮೊದಲು ಬಾವಿಯನ್ನು ಬರಿದು ಮಾಡಿ, ಹೂಳೆತ್ತಿ, ಹೊಸ ನೀರು ಊರಿದ ಮೇಲೆ ಪುಡಿ ಹಾಕಬೇಕು. ಗೋಣಿಚೀಲ ಹೊದ್ದು ಬರಿಗಾಲಿನಲ್ಲಿ ಕೆಸರು ಬಳಿಯುವವರಿಗೆ ಇಲಿಜ್ವರದ ಭಯವೂ ಇದೆ. ಒಂದು ಜೊತೆ ಗಂಬೂಟು, ಒಂದು ಸಲಿಕೆ, ಒಂದು ಪೊಟ್ಟಣ ಬ್ಲೀಚಿಂಗ್ ಪೌಡರ್ ಹತ್ತು ಹಳೆಯ ಸೀರೆಗಿಂತ ಹೆಚ್ಚಿನ ದಾನ. ಆದರೆ ಅವನ್ನು ಮೇಜಿನ ಮೇಲಿಟ್ಟರೆ ಚಿತ್ರ ಚೆನ್ನಾಗಿ ಬರುವುದಿಲ್ಲ.

ಇನ್ನೊಂದು ವಸ್ತುವಿನ ಬೆಲೆ ತಿಳಿಯುವುದು ಅದು ಒದ್ದೆಯಾದ ಮೇಲೆ: ಕಾಗದ. ರೇಷನ್ ಕಾರ್ಡು, ಬ್ಯಾಂಕಿನ ಪಾಸ್ ಪುಸ್ತಕ, ಮಕ್ಕಳ ಅಂಕಪಟ್ಟಿ, ಮನೆಯ ಹಕ್ಕುಪತ್ರ. 2019ರಲ್ಲಿ ರಾಜ್ಯ ಸರ್ಕಾರ ನೀರು ನುಗ್ಗಿದ ಕುಟುಂಬಗಳಿಗೆ ತಕ್ಷಣದ ನೆರವಾಗಿ 10,000 ರೂಪಾಯಿ ಕೊಟ್ಟಿತು. ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಪ್ರಕಟಿಸಿತು. ಆಗಿನ ಮುಖ್ಯಮಂತ್ರಿಗಳು ಇದೇ ಜಿಲ್ಲೆಯವರು. ಮೊತ್ತ ಹಿಂದಿನ ಪ್ರವಾಹಗಳಿಗೆ ಹೋಲಿಸಿದರೆ ದೊಡ್ಡದೇ. ಆದರೆ ಐದು ಲಕ್ಷ ಪಡೆಯಲು ಮನೆ ತನ್ನದೆಂದು ತೋರಿಸಬೇಕು. ಹೊಳೆಯ ಅಂಚಿನಲ್ಲಿ ಮೂವತ್ತು ವರ್ಷ ಬಾಳಿದವನ ಕೈಯಲ್ಲಿ ಕಂದಾಯದ ರಸೀದಿ ಇರಬಹುದು, ವಿದ್ಯುತ್ ಬಿಲ್ ಇರಬಹುದು, ಹಕ್ಕುಪತ್ರ ಇಲ್ಲದಿರಬಹುದು. ಬಾಡಿಗೆಯವನಿಗಂತೂ ಬಿದ್ದ ಗೋಡೆ ಇನ್ನೊಬ್ಬರದು, ಮುಳುಗಿದ ಪಾತ್ರೆ ಮಾತ್ರ ತನ್ನದು. ಅನ್ನ ಹಂಚುವಾಗ ಯಾರೂ ಕಾಗದ ಕೇಳುವುದಿಲ್ಲ. ಅನ್ನದ ಆಚೆಗಿನ ಎಲ್ಲದಕ್ಕೂ ಕಾಗದ ಬೇಕು.

ಬೆಂಕಿಪುರದ ಹೊಳೆ

ಶಿವಮೊಗ್ಗದಿಂದ ಭದ್ರಾವತಿಗೆ ಸುಮಾರು ಇಪ್ಪತ್ತು ಕಿಲೋಮೀಟರು. ಮಲವಗೊಪ್ಪ, ನಿದಿಗೆ, ಮಾಚೇನಹಳ್ಳಿ ದಾಟಿದರೆ ಕಾರ್ಖಾನೆಯ ಊರು ಎದುರಾಗುತ್ತದೆ. ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ವಂಕಿಪುರವೆಂಬುದೇ ಹಾಗಾಯಿತೆಂದು ಹೇಳುವವರೂ ಉಂಟು. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಾಲಯ ಇಲ್ಲಿನ ಪ್ರಾಚೀನತೆಗೆ ಸಾಕ್ಷಿ. ಬೆಂಕಿಯ ಹೆಸರನ್ನು ಊರು ನಿಜ ಮಾಡಿಕೊಂಡದ್ದು ಮಾತ್ರ 20ನೆಯ ಶತಮಾನದಲ್ಲಿ. 1918ರಲ್ಲಿ ಸ್ಥಾಪನೆಗೊಂಡ ಮೈಸೂರು ಕಬ್ಬಿಣ ಕಾರ್ಖಾನೆ 1923ರಲ್ಲಿ ಕಬ್ಬಿಣ ಹರಿಸತೊಡಗಿತು. ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು, ಇದ್ದಿಲು ಮಲೆನಾಡಿನ ಕಾಡಿನಿಂದ. ಮುಂದೆ ಅದಕ್ಕೆ ವಿಶ್ವೇಶ್ವರಯ್ಯನವರ ಹೆಸರೇ ಬಂತು.

ಕುಲುಮೆಯಿಂದ ಹೊರಬರುವ ಕಬ್ಬಿಣದ ಶಾಖ ಸುಮಾರು 1,500 ಡಿಗ್ರಿ ಸೆಲ್ಸಿಯಸ್. ಜ್ವಾಲಾಮುಖಿಯ ಬಸಾಲ್ಟ್ ಲಾವಾದ ಶಾಖ 1,100ರಿಂದ 1,200 ಡಿಗ್ರಿ. ಅಂದರೆ ಭದ್ರಾವತಿಯ ಕಾರ್ಮಿಕ ಲಾವಾಕ್ಕಿಂತ ಬಿಸಿಯಾದುದನ್ನು ಪಾಳಿಯ ಮೇಲೆ ಪಾಳಿ ಪಳಗಿಸಿದವನು. ಆ ಅದಿರು ಬಂದ ಬಾಬಾಬುಡನ್ ಗಿರಿಸಾಲಿನಲ್ಲಿ 250 ಕೋಟಿ ವರ್ಷಗಳಿಗಿಂತ ಹಳೆಯ ಲಾವಾ ಪದರಗಳೂ ಇವೆ. ಆ ಬೆಟ್ಟಗಳಲ್ಲಿ ಬೆಂಕಿ ಆರಿ ಎಷ್ಟೋ ಯುಗಗಳಾಗಿವೆ. ಇಂದು ಇಡೀ ಭಾರತದಲ್ಲಿ ಕೆಲಸ ಮಾಡುತ್ತಿರುವ ಜ್ವಾಲಾಮುಖಿ ಅಂಡಮಾನಿನ ಬ್ಯಾರೆನ್ ದ್ವೀಪದ್ದು, ಅಲ್ಲಿ ಜನವಸತಿಯಿಲ್ಲ. ಹೀಗಾಗಿ ಜ್ವಾಲಾಮುಖಿಯಿಂದ ಮನೆ ಕಳೆದುಕೊಂಡ ಕುಟುಂಬ ನಮ್ಮಲ್ಲಿಲ್ಲ. ನಮ್ಮ ನಿರಾಶ್ರಿತರೆಲ್ಲ ನೀರಿನವರು.

ಆದರೂ ಜ್ವಾಲಾಮುಖಿಯ ನಿರಾಶ್ರಿತರಿಂದ ನಾವು ಕಲಿಯಬೇಕಾದುದಿದೆ. 1991ರ ಜೂನ್ 15ರಂದು ಫಿಲಿಪೈನ್ಸಿನ ಪಿನಟುಬೊ ಬೆಟ್ಟ ಸಿಡಿಯಿತು. ವಿಜ್ಞಾನಿಗಳು ಮೊದಲೇ ಎಚ್ಚರಿಸಿದ್ದರಿಂದ ಹತ್ತಾರು ಸಾವಿರ ಜನರನ್ನು ಸ್ಥಳಾಂತರಿಸಲಾಗಿತ್ತು. ಅದೊಂದು ದೊಡ್ಡ ಗೆಲುವು. ಆದರೆ ಬೆಟ್ಟದ ಮೇಲಿನ ಐಟಾ ಬುಡಕಟ್ಟಿನವರು ಇಕ್ಕಟ್ಟಾದ ಶಿಬಿರಗಳಿಗೆ ಬಂದ ಮೇಲೆ ದಡಾರ ಹರಡಿತು. ಬೆಟ್ಟದಲ್ಲಿ ಚದುರಿ ಬಾಳಿದವರಿಗೆ ಆ ಕಾಯಿಲೆಯ ಎದುರು ಶಕ್ತಿಯಿರಲಿಲ್ಲ. ಲಸಿಕೆಗೆ ಒಪ್ಪದವರೂ ಇದ್ದರು. ಸ್ಫೋಟದಿಂದ ಪಾರಾದ ನೂರಾರು ಜನ, ಅವರಲ್ಲೂ ಮಕ್ಕಳು, ಶಿಬಿರಗಳ ಕಾಯಿಲೆಗಳಿಗೆ ಬಲಿಯಾದರು. ತಲೆಯ ಮೇಲೊಂದು ಸೂರು, ಕೈಗೊಂದು ತಟ್ಟೆ ಕೊಟ್ಟರೆ ಪರಿಹಾರ ಮುಗಿಯಿತೆಂದು ತಿಳಿಯುವವರಿಗೆ ಪಿನಟುಬೊ ಒಂದು ಪಾಠ.

ಎರಡನೆಯ ಪಾಠ ಐಸ್‌ಲ್ಯಾಂಡಿನ ಹೈಮೇ ದ್ವೀಪದ್ದು. 1973ರ ಜನವರಿ 23ರ ನಡುರಾತ್ರಿ ಊರಿನ ಪಕ್ಕದಲ್ಲೇ ನೆಲ ಬಿರಿದು ಲಾವಾ ಎದ್ದಿತು. ದ್ವೀಪದ ಸುಮಾರು 5,300 ಜನರಲ್ಲಿ ಬಹುಪಾಲು ಎಲ್ಲರೂ ಬೆಳಗಾಗುವಷ್ಟರಲ್ಲಿ ಮೀನುಗಾರಿಕೆಯ ದೋಣಿಗಳಲ್ಲಿ ಪಾರಾದರು. ನೂರಾರು ಮನೆಗಳು ಲಾವಾ ಮತ್ತು ಬೂದಿಯಡಿ ಹೂತುಹೋದವು. ಅಲ್ಲಿನ ಸರ್ಕಾರ ಪರಿಹಾರಕ್ಕಾಗಿಯೇ ಒಂದು ನಿಧಿ ಸ್ಥಾಪಿಸಿ ಮನೆ ಕಳೆದುಕೊಂಡವರಿಗೆ ಬೆಲೆ ಕಟ್ಟಿಕೊಟ್ಟಿತು. ಮುಂದಿನ ವರ್ಷಗಳಲ್ಲಿ ಬಹುಪಾಲು ಜನ ದ್ವೀಪಕ್ಕೆ ಮರಳಿ ಹೊಸ ಮನೆ ಕಟ್ಟಿಕೊಂಡರು. ಲಾವಾ ಕೂತ ನೆಲ ಮತ್ತೆ ಸಿಗುವುದಿಲ್ಲ ಎಂಬ ಸತ್ಯವನ್ನು ಮೊದಲ ದಿನವೇ ಒಪ್ಪಿಕೊಂಡದ್ದರಿಂದ ಆ ಪರಿಹಾರಕ್ಕೆ ಒಂದು ಆಕಾರ ಬಂತು.

ಈಗ ಭದ್ರಾವತಿಯ ಹೊಳೆಯ ಬಳಿಗೆ ಬರೋಣ. ಊರನ್ನು ಸೀಳಿ ಹರಿಯುವ ಭದ್ರೆಯ ಮೇಲೆ ಹಳೆಯ ಸೇತುವೆ, ಹೊಸ ಸೇತುವೆ ಎರಡೂ ಇವೆ. ತಮಾಷೆ ಎಂದರೆ ಮುಳುಗುವುದು ಹೊಸದು. ಲಕ್ಕವಳ್ಳಿಯ ಭದ್ರಾ ಜಲಾಶಯದ ಸಾಮರ್ಥ್ಯ 71.5 ಟಿಎಂಸಿ. ಮೇಲಿನ ಲೆಕ್ಕವನ್ನೇ ಹಾಕಿದರೆ ಲಕ್ಷ ಕ್ಯುಸೆಕ್ ನೀರು ಅದನ್ನು ತುಂಬಲು ಎಂಟು ದಿನಕ್ಕಿಂತ ಹೆಚ್ಚು ಬೇಕು. ಹಾಗಾಗಿ ತುಂಗೆಯಂತೆ ಭದ್ರೆ ದಿಢೀರನೆ ಬರುವವಳಲ್ಲ. ಜಲಾಶಯ 186 ಅಡಿಯ ಗರಿಷ್ಠ ಮಟ್ಟದ ಹತ್ತಿರ ಬಂದ ಮೇಲೆ ಗೇಟು ತೆರೆಯುತ್ತಾರೆ, ಮೊದಲೇ ಎಚ್ಚರಿಕೆ ಕೊಡುತ್ತಾರೆ. ಹೆಚ್ಚು ನೀರು ಬಿಟ್ಟ ವರ್ಷ ಹೊಸ ಸೇತುವೆಯ ಮೇಲೆ ನೀರು ಹರಿಯುತ್ತದೆ, ಕವಲಗುಂದಿಯಂಥ ತಗ್ಗು ಪ್ರದೇಶದ ಮನೆಗಳಿಗೆ ನುಗ್ಗುತ್ತದೆ. ಜನ ಪಾತ್ರೆ ಪಗಡೆ ಹೊತ್ತು ಗಂಜಿ ಕೇಂದ್ರಕ್ಕೆ ಹೋಗುತ್ತಾರೆ. ದಾನಿಗಳು ಬರುತ್ತಾರೆ, ಅಧಿಕಾರಿಗಳು ಬರುತ್ತಾರೆ, ಶಾಶ್ವತ ಪರಿಹಾರದ ಮಾತು ಬರುತ್ತದೆ. ನೀರು ಇಳಿಯುತ್ತದೆ. ಮಾತೂ ಇಳಿಯುತ್ತದೆ.

ಹಿಂದೆ ಇಂಥ ಹೊತ್ತಿಗೆ ಊರಿಗೆ ಎರಡು ದೊಡ್ಡ ಆಸರೆಗಳಿದ್ದವು. ಒಂದು ಕಬ್ಬಿಣದ ಕಾರ್ಖಾನೆ, ಇನ್ನೊಂದು 1930ರ ದಶಕದಲ್ಲಿ ಹುಟ್ಟಿದ ಮೈಸೂರು ಕಾಗದ ಕಾರ್ಖಾನೆ. ಪ್ರತಿ ಬೀದಿಯಲ್ಲೂ ತಿಂಗಳ ಸಂಬಳದವರು ಇದ್ದುದರಿಂದ ನೆರೆಯವನಿಗೆ ಒಂದು ಮೂಟೆ ಅಕ್ಕಿ ಕೊಡುವುದು ಭಾರವಾಗುತ್ತಿರಲಿಲ್ಲ. ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಕಬ್ಬಿಣ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕುಳಿತರು. ಕೊಡುತ್ತಿದ್ದ ಕೈಗಳೇ ಕೇಳುವ ಸಾಲಿನಲ್ಲಿ ನಿಲ್ಲಬೇಕಾದ ಊರಿನಲ್ಲಿ ದಾನವೊಂದನ್ನೇ ನಂಬಿ ಕೂರುವಂತಿಲ್ಲ.

ಇಳಿಯದ ನೀರು

ತುಂಗೆ ಮತ್ತು ಭದ್ರೆಯ ನೀರಿಗೆ ಒಂದು ಗುಣವಿದೆ. ಎಷ್ಟೇ ಏರಿದರೂ ವಾರದೊಳಗೆ ಇಳಿಯುತ್ತದೆ. ಕೆಸರಿನಡಿಯಲ್ಲಾದರೂ ಮನೆಯ ತಳಪಾಯ ಉಳಿದಿರುತ್ತದೆ. ತುಳಸಿಕಟ್ಟೆ ಇದ್ದ ಜಾಗವನ್ನು ಬೆರಳಿಟ್ಟು ತೋರಿಸಬಹುದು. ಇದೇ ಜಿಲ್ಲೆಯ ಇನ್ನೊಂದು ನದಿಯ ನೀರಿಗೆ ಆ ಗುಣವಿಲ್ಲ.

ಶರಾವತಿಗೆ ಮೊದಲು ಕಟ್ಟಿದ್ದು ಹಿರೇಭಾಸ್ಕರ ಅಣೆಕಟ್ಟು. 1948ರಲ್ಲಿ ಜೋಗದ ವಿದ್ಯುತ್ತಿಗಾಗಿ ಅದು ಸಿದ್ಧವಾಯಿತು. ಅದೂ ಸಾಲದೆ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದು, 1,819 ಅಡಿಯ ಮಟ್ಟಕ್ಕೆ ನೀರು ನಿಂತಾಗ ಹಿರೇಭಾಸ್ಕರವೇ ಮುಳುಗಿತು. ಬೇಸಿಗೆಯಲ್ಲಿ ನೀರು ತೀರ ಇಳಿದ ವರ್ಷ ಆ ಹಳೆಯ ಅಣೆಕಟ್ಟಿನ ಗೋಡೆಗಳು ಮೇಲೆದ್ದು ಕಾಣುತ್ತವೆ. ಅಣೆಕಟ್ಟೇ ಮುಳುಗಿದ ಮೇಲೆ ಅಡಿಕೆ ತೋಟ, ಗದ್ದೆ, ದೇವಸ್ಥಾನ, ಕೊಟ್ಟಿಗೆಗಳ ಮಾತೇನು? ಸಾವಿರಾರು ಕುಟುಂಬಗಳು ಸಾಮಾನು, ದನಕರು, ಮಕ್ಕಳನ್ನು ಲಾರಿಗಳಲ್ಲಿ ಹೇರಿಕೊಂಡು ಹೊರಟವು. ಅವರಲ್ಲಿ ಹಲವರನ್ನು ಇಳಿಸಿದ್ದು ಶಿವಮೊಗ್ಗ, ಭದ್ರಾವತಿ ಮತ್ತಿತರ ತಾಲ್ಲೂಕುಗಳ ಕಾಡಿನ ಅಂಚಿನಲ್ಲಿ. ಅವರಿಗೆ 'ಮುಳುಗಡೆಯವರು' ಎಂಬ ಹೆಸರು ಬಂತು. ಮೊಮ್ಮಕ್ಕಳ ಕಾಲಕ್ಕೂ ಅದು ಹೋಗಿಲ್ಲ.

ಲಾವಾ ಕೂತ ನೆಲ ಮರಳಿ ಸಿಗದು. ಅಣೆಕಟ್ಟಿನ ನೀರು ಕೂತ ನೆಲವೂ ಅಷ್ಟೆ. ನಮ್ಮ ಜಿಲ್ಲೆಗೆ ಜ್ವಾಲಾಮುಖಿ ಇಲ್ಲ ಎಂದು ಸಮಾಧಾನಪಡುವವರು ಲಿಂಗನಮಕ್ಕಿಯ ಹಿನ್ನೀರನ್ನು ಒಮ್ಮೆ ನೋಡಬೇಕು. ಅದು ತಣ್ಣಗಿನ ಲಾವಾ. ಬಣ್ಣ ನೀಲಿ, ನೋಡಲು ಚೆಂದ, ಆದರೆ ಅದರಡಿಯ ಮನೆಗೆ ಯಾರೂ ಹಿಂತಿರುಗಲಾರರು. ಸಾಗರದ ನಾ. ಡಿಸೋಜ ಶರಾವತಿ ಯೋಜನೆಯ ಕಾಲದಲ್ಲಿ ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದು ಇದನ್ನು ಕಣ್ಣಾರೆ ಕಂಡವರು. 'ಮುಳುಗಡೆ', 'ದ್ವೀಪ' ಕಾದಂಬರಿಗಳಲ್ಲಿ ಆ ಸಂಕಟವನ್ನು ಬರೆದರು. 'ದ್ವೀಪ'ವನ್ನು ಗಿರೀಶ್ ಕಾಸರವಳ್ಳಿ 2002ರಲ್ಲಿ ತೆರೆಗೆ ತಂದರು. ನಾ. ಡಿಸೋಜ 2025ರ ಜನವರಿಯಲ್ಲಿ ತೀರಿಕೊಂಡಾಗಲೂ ಅವರ ಕಾದಂಬರಿಯ ಜನರ ಕಾಗದದ ಕೆಲಸ ಮುಗಿದಿರಲಿಲ್ಲ.

ಇಲ್ಲಿಯೂ ತೊಡಕು ಕಾಗದದ್ದೇ. ಸಂತ್ರಸ್ತರನ್ನು ಕೂರಿಸಿದ ನೆಲ ಅರಣ್ಯ ಇಲಾಖೆಯ ಪುಸ್ತಕದಲ್ಲಿ ಅರಣ್ಯವಾಗಿಯೇ ಉಳಿಯಿತು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದನ್ನು ಬಿಡುಗಡೆ ಮಾಡಲು ಕೇಂದ್ರದ ಒಪ್ಪಿಗೆ ಬೇಕಾಯಿತು. ಆ ಒಪ್ಪಿಗೆಯಿಲ್ಲದೆ ರಾಜ್ಯ ಹೊರಡಿಸಿದ್ದ ಆದೇಶಗಳು 2021ರಲ್ಲಿ ಹೈಕೋರ್ಟಿನ ಎದುರು ನಿಲ್ಲಲಿಲ್ಲ. 2022ರ ನವೆಂಬರಿನಲ್ಲಿ ಆಯನೂರಿನಿಂದ ಶಿವಮೊಗ್ಗದವರೆಗೆ ಸಂತ್ರಸ್ತರ ಪರವಾಗಿ ಪಾದಯಾತ್ರೆ ನಡೆಯಿತು. ತಾತ ಲಾರಿಯಿಂದ ಇಳಿದ ನೆಲಕ್ಕೆ ಮೊಮ್ಮಗನ ಹತ್ತಿರ ಪಹಣಿ ಇಲ್ಲದಿದ್ದರೆ ಬ್ಯಾಂಕಿನ ಸಾಲವಿಲ್ಲ, ಬೆಳೆ ವಿಮೆಯಿಲ್ಲ, ಮನೆ ಬಿದ್ದರೆ ಪರಿಹಾರಕ್ಕೆ ಆಧಾರವಿಲ್ಲ. ಇನ್ನೂ ದೊಡ್ಡ ವಿಪರ್ಯಾಸವೂ ಉಂಟು. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್. ಆ ಬೆಳಕಿಗಾಗಿ ಮನೆ ಬಿಟ್ಟವರು ನೆಲೆಸಿದ ಕಾಡಂಚಿನ ಕೆಲವು ಹಳ್ಳಿಗಳಿಗೆ ಬಹುಕಾಲ ದೀಪದ ಕಂಬ ಬರಲಿಲ್ಲ.

ಇವರಿಗಾಗಿ ಯಾವ ವೃತ್ತದಲ್ಲೂ ಮೇಜು ಹಾಕಿದ್ದಿಲ್ಲ. ಅದು ಜನರ ಕಲ್ಲೆದೆಯಿಂದ ಆದುದಲ್ಲ. ಉಕ್ಕುವ ನೀರು ಕಣ್ಣಿಗೆ ಕಾಣುತ್ತದೆ, ಕೊಡಬೇಕೆನ್ನಿಸುತ್ತದೆ. ನಿಂತ ನೀರು ಅಭ್ಯಾಸವಾಗಿಬಿಡುತ್ತದೆ. ಒಂದು ರಾತ್ರಿಯ ಹಸಿವಿಗೆ ಊರು ಓಗೊಡುತ್ತದೆ, ಅರವತ್ತು ವರ್ಷದ ಅರ್ಜಿಗೆ ಓಗೊಡುವ ಬಗೆ ಅದಕ್ಕೆ ತಿಳಿಯುವುದಿಲ್ಲ.

ಮೊದಲೇ ನೆಲ ತೋರಿಸಿದ ಊರು

ಹಾಗಾದರೆ ಎಬ್ಬಿಸಿದವರನ್ನು ಮರ್ಯಾದೆಯಿಂದ ಕೂರಿಸುವುದು ಸಾಧ್ಯವೇ ಇಲ್ಲವೇ? ಉತ್ತರ ದೂರದಲ್ಲಿಲ್ಲ. ಭದ್ರಾವತಿಯಿಂದ ಲಕ್ಕವಳ್ಳಿಯ ಕಡೆಗೆ ಹೋದರೆ ತರೀಕೆರೆ ತಾಲ್ಲೂಕಿನಲ್ಲಿ ಎಂ.ಸಿ. ಹಳ್ಳಿ ಇದೆ. ಭದ್ರಾ ಅಭಯಾರಣ್ಯದ ಒಳಗಿನ ಹಳ್ಳಿಗಳಲ್ಲಿದ್ದ ನಾನೂರಕ್ಕೂ ಹೆಚ್ಚು ಕುಟುಂಬಗಳು 2002ರ ಹೊತ್ತಿಗೆ ಹೊರಬಂದು ಇಲ್ಲಿ ಮತ್ತು ಮೂಡಿಗೆರೆ ಕಡೆಯ ಕೆಳಗೂರಿನಲ್ಲಿ ನೆಲೆಸಿದವು. ಎಂ.ಸಿ. ಹಳ್ಳಿಯಲ್ಲಿ ಅವರಿಗೆ ಸಿಕ್ಕಿದ್ದು ನೀರಾವರಿಯ ಜಮೀನು, ಮನೆ ನಿವೇಶನ, ರಸ್ತೆ, ಶಾಲೆ. ಅಧಿಕಾರಿಗಳೂ ವನ್ಯಜೀವಿ ಕಾರ್ಯಕರ್ತರೂ ಜನರ ಜೊತೆ ಕೂತು ವರ್ಷಗಟ್ಟಲೆ ಮಾತಾಡಿದ್ದರು. ಕಷ್ಟವೇ ಇರಲಿಲ್ಲವೆಂದಲ್ಲ, ಕಾಡಿನ ಬದುಕು ಬಿಟ್ಟು ಬಂದವರಿಗೆ ಹೊಸ ಊರು ಹೊಂದಿಕೊಳ್ಳಲು ಸಮಯ ಹಿಡಿಯಿತು. ಆದರೂ ದೇಶದ ಪುನರ್ವಸತಿಯ ಕಥೆಗಳಲ್ಲಿ ತಕ್ಕಮಟ್ಟಿಗೆ ಗೆದ್ದದ್ದೆಂದು ಸಂಶೋಧಕರು ಮತ್ತೆ ಮತ್ತೆ ಹೆಸರಿಸುವುದು ಭದ್ರಾ ಅಭಯಾರಣ್ಯದ ಈ ಸ್ಥಳಾಂತರವನ್ನೇ.

ಅದೇ ಭದ್ರಾ ಕಾಲುವೆಯ ನೀರು, ಅದೇ ಮಲೆನಾಡಿನ ಜನ, ಅದೇ ಸರ್ಕಾರ. ವ್ಯತ್ಯಾಸ ಒಂದೇ. ಶರಾವತಿಯವರನ್ನು ಮೊದಲು ಎಬ್ಬಿಸಿ ಆಮೇಲೆ ನೆಲ ಹುಡುಕಿದರು. ಎಂ.ಸಿ. ಹಳ್ಳಿಯವರಿಗೆ ಮೊದಲು ನೆಲ ತೋರಿಸಿ ಆಮೇಲೆ ಏಳಿ ಎಂದರು.

ಇನ್ನೊಂದು ಕುರ್ಚಿ

ಈಚಿನ ವರ್ಷಗಳಲ್ಲಿ ಶಿವಮೊಗ್ಗದ ಹೊಳೆಯ ದಂಡೆ ಅಂದವಾಗಿದೆ. ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ನಡಿಗೆಯ ಹಾದಿ ಆಗಿದೆ, ಸಂಜೆ ಗಾಳಿ ಸೇವನೆಗೆ ಜನ ಬರುತ್ತಾರೆ. ಒಳ್ಳೆಯದೇ. ಆದರೆ ಹಾದಿ ಎಷ್ಟು ಚೆಂದವಿದ್ದರೂ ಶೃಂಗೇರಿಯ ಮಳೆಗೆ ಅದರ ಪರಿಚಯವಿಲ್ಲ. ಕುಂಬಾರಗುಂಡಿಗೂ ಕವಲಗುಂದಿಗೂ ಮತ್ತೆ ನೀರು ಬರುತ್ತದೆ. ಮತ್ತೆ ವೃತ್ತಗಳಲ್ಲಿ ಮೇಜುಗಳು ಏಳುತ್ತವೆ, ಏಳಬೇಕು. ಆ ಮೇಜು ಈ ಎರಡು ಊರುಗಳ ಒಳ್ಳೆಯತನದ ಗುರುತು.

ಮುಂದಿನ ಸಲ ಆ ಮೇಜಿನ ಪಕ್ಕದಲ್ಲಿ ಇನ್ನೊಂದು ಕುರ್ಚಿ ಇರಲಿ. ಅದರಲ್ಲಿ ಒಬ್ಬ ನಿವೃತ್ತ ಶಿರಸ್ತೇದಾರನೋ, ವಕೀಲನೋ, ನಾಡಕಚೇರಿಯ ಭಾಷೆ ಬಲ್ಲ ಪದವೀಧರ ಹುಡುಗಿಯೋ ಕೂರಲಿ. ಒದ್ದೆಯಾದ ಕಾಗದವನ್ನು ಹಾಳೆಯ ನಡುವೆ ಇಟ್ಟು ಒಣಗಿಸಿ, ಕಳೆದ ಕಾರ್ಡಿಗೆ ಅರ್ಜಿ ಬರೆದು, ಯಾರ ಮನೆಗೆ ಹಕ್ಕುಪತ್ರವಿಲ್ಲ ಎಂಬ ಪಟ್ಟಿ ಮಾಡಲಿ. ಅಕ್ಕಿ ಹಂಚಿದವರು ಮೂರು ತಿಂಗಳು ಬಿಟ್ಟು ಆ ಪಟ್ಟಿ ಹಿಡಿದು ಅದೇ ಬೀದಿಗೆ ಇನ್ನೊಮ್ಮೆ ಹೋಗಲಿ. ಮಳೆಗಾಲ ಮುಗಿದ ಮೇಲೆ ಆ ಕುರ್ಚಿಯನ್ನು ಮಡಿಸಿ ಒಳಗಿಡಬೇಕಾಗಿಲ್ಲ. ಆಯನೂರು, ಕುಂಸಿ ಕಡೆಯಿಂದ ಬಸ್ಸಿಳಿದು, ತಾತನ ಕಾಲದ ಕಾಗದಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಿಡಿದು ಜಿಲ್ಲಾಧಿಕಾರಿ ಕಚೇರಿಯ ದಾರಿ ಕೇಳುವವರು ವರ್ಷವಿಡೀ ಬರುತ್ತಲೇ ಇರುತ್ತಾರೆ.